ಆಟದಂಗಳ: ಬುಲ್ವರ್ಥ್ ಶಾಲೆಯಲ್ಲಿ ಮೊದಲು ಕ್ಲಾಸು, ಆಮೇಲೆ ಕೀಟಲೆ

ಈ ಸಲ ಬಂದ ಪತ್ರಗಳಲ್ಲಿ ಬಹುಪಾಲು ಒಂದೇ ಆಟದ ಬಗ್ಗೆ: ರಾಕ್‌ಸ್ಟಾರ್ ವ್ಯಾಂಕೂವರ್ ತಯಾರಿಸಿ 2006ರ ಅಕ್ಟೋಬರ್‌ನಲ್ಲಿ ಪ್ಲೇಸ್ಟೇಷನ್ 2ಕ್ಕೆ ಬಂದ ‘ಬುಲ್ಲಿ’. 2008ರಲ್ಲಿ ಎಕ್ಸ್‌ಬಾಕ್ಸ್ 360, ವೀ ಮತ್ತು ಪಿಸಿಗೆ ‘ಸ್ಕಾಲರ್‌ಶಿಪ್ ಎಡಿಷನ್’ ಬಂತು. 2016ರ ಡಿಸೆಂಬರ್‌ನಲ್ಲಿ ಮೊಬೈಲಿಗೆ ‘ಆನಿವರ್ಸರಿ ಎಡಿಷನ್’. ಹದಿನೈದರ ಹುಡುಗ ಜಿಮ್ಮಿ ಹಾಪ್ಕಿನ್ಸ್ ಅಮೆರಿಕದ ನ್ಯೂ ಇಂಗ್ಲೆಂಡ್ ಕಡೆಯ ಬುಲ್ವರ್ಥ್ ಅಕಾಡೆಮಿ ಎಂಬ ಕಲ್ಪಿತ ಹಾಸ್ಟೆಲ್ ಶಾಲೆಯಲ್ಲಿ ಒಂದು ವರ್ಷ ಕಳೆಯುವ ಕಥೆ ಇದು. ಒಂದೇ ತರಹದ ಪ್ರಶ್ನೆಗಳನ್ನು ಸೇರಿಸಿ ಉತ್ತರಿಸಿದ್ದೇವೆ. ಬೇರೆ ಹೆಸರು ಹೇಳದ ಕಡೆ ಎಲ್ಲವೂ ಸ್ಕಾಲರ್‌ಶಿಪ್ ಎಡಿಷನ್‌ಗೆ ಅನ್ವಯಿಸುತ್ತದೆ.

ಜಿಟಿಎ (ಊರೆಲ್ಲ ಮನಬಂದಂತೆ ಸುತ್ತಾಡುವ ರಾಕ್‌ಸ್ಟಾರ್‌ನದೇ ಆಟ) ಆಡಿದ ಅಭ್ಯಾಸದಲ್ಲಿ ಊರು ಸುತ್ತಲು ಹೊರಟರೆ ಪದೇಪದೇ ಹಿಡಿದು ಕ್ಲಾಸಿಗೆ ತಳ್ಳುತ್ತಾರೆ. ಕ್ಲಾಸಿಗೆ ಚಕ್ಕರ್ ಹೊಡೆದು ಬರೀ ಮಿಷನ್ ಮಾಡಿ ಆಟ ಮುಗಿಸಬಹುದೇ?
*ಪಿಯುಸಿ ವಿದ್ಯಾರ್ಥಿ, ದಾವಣಗೆರೆ*

ಮುಗಿಸಬಹುದು. ಆದರೆ ಹಾಗೆ ಆಡಿದರೆ ಆಟವನ್ನು ನೀವೇ ಕಷ್ಟ ಮಾಡಿಕೊಂಡಂತೆ. ಈ ಆಟದಲ್ಲಿ ಜಿಮ್ಮಿಯ ಬಲವೆಲ್ಲ ಬರುವುದು ಕ್ಲಾಸುಗಳಿಂದ. ಮಿಷನ್‌ಗಳು ಆ ಬಲವನ್ನು ಖರ್ಚು ಮಾಡುವ ಜಾಗ.

ದಿನದ ಲೆಕ್ಕ ಮೊದಲು ತಲೆಯಲ್ಲಿರಲಿ. ಆಟದ ಒಂದು ನಿಮಿಷ ಎಂದರೆ ನಮ್ಮ ಸುಮಾರು ಒಂದು ಸೆಕೆಂಡು, ಅಂದರೆ ಆಟದ ಒಂದು ಗಂಟೆ ನಮಗೆ ಒಂದು ನಿಮಿಷ. ಬೆಳಗಿನ ಕ್ಲಾಸು 9:30ಕ್ಕೆ ಶುರುವಾಗಿ 11:30ಕ್ಕೆ ಮುಗಿಯುತ್ತದೆ, ಮಧ್ಯಾಹ್ನದ್ದು 1:00ರಿಂದ 3:30. ರಾತ್ರಿ 11ರ ನಂತರ ಹಾಸ್ಟೆಲಿನಿಂದ ಹೊರಗಿರುವಂತಿಲ್ಲ. 1 ಗಂಟೆಯ ಹೊತ್ತಿಗೆ ಜಿಮ್ಮಿ ತೂಕಡಿಸುತ್ತಾನೆ, 2ಕ್ಕೆ ನಿಂತಲ್ಲೇ ಕುಸಿಯುತ್ತಾನೆ. ಆದ್ದರಿಂದ ಮಿಷನ್‌ಗೆ ಸಿಗುವ ಉದ್ದನೆಯ ಬಿಡುವು ಮಧ್ಯಾಹ್ನ ಮೂರೂವರೆಯಿಂದ ರಾತ್ರಿ ಹನ್ನೊಂದರವರೆಗೆ. ನಮ್ಮ ಗಡಿಯಾರದಲ್ಲಿ ಏಳೂವರೆ ನಿಮಿಷ. ಊರಿನ ಆ ತುದಿಯ ಕೆಲಸವನ್ನು ಈ ಹೊತ್ತಿಗೆ ಇಟ್ಟುಕೊಳ್ಳಿ. ಊಟದ ಬಿಡುವಿನಲ್ಲಿ ಶಾಲೆಯ ಆವರಣದೊಳಗಿನ ಚಿಕ್ಕಪುಟ್ಟ ಕೆಲಸ ಮಾತ್ರ ಮಾಡಿ.

ಹತ್ತು ವಿಷಯ, ಪ್ರತಿಯೊಂದಕ್ಕೂ ಐದು ಲೆವೆಲ್, ಒಟ್ಟು 50 ಕ್ಲಾಸು. ದಿನಕ್ಕೆ ಎರಡರಂತೆ, ಒಂದೂ ಫೇಲಾಗದಿದ್ದರೆ, ಆಟದ ಕನಿಷ್ಠ 25 ದಿನ ಬೇಕು. ಕಥೆ ಮುಂದೆ ಹೋಗುವುದು ಮಿಷನ್‌ಗಳಿಂದಲೇ ಹೊರತು ತಾರೀಖಿನಿಂದಲ್ಲ. ಹಾಗಾಗಿ ಬೇಕಾದಷ್ಟು ದಿನ ಒಂದೇ ಅಧ್ಯಾಯದಲ್ಲಿ ನಿಂತು ತೆರೆದಿರುವ ವಿಷಯಗಳನ್ನು ಮುಗಿಸಿಕೊಳ್ಳಬಹುದು. ಒಂದು ವಿಷಯದ ಐದೂ ಲೆವೆಲ್ ಪಾಸಾದರೆ ಆ ವಿಷಯದ ಹೊತ್ತಿನಲ್ಲಿ ನೀವು ಎಲ್ಲಿದ್ದರೂ ಚಕ್ಕರ್ ಎಂದು ಯಾರೂ ಹಿಡಿಯುವುದಿಲ್ಲ. ಎಲ್ಲ ಮುಗಿಸಿದವರಿಗೆ ಇಡೀ ದಿನ ಅವರದೇ. ಜಿಟಿಎ ತರಹ ಸುತ್ತಾಡುವ ಆಸೆ ಈಡೇರುವುದೂ ಈ ದಾರಿಯಲ್ಲೇ.

ಯಾವುದು ಮೊದಲು ಎಂಬುದಕ್ಕೆ ನಮ್ಮ ಅಭಿಪ್ರಾಯ ಹೀಗಿದೆ. ಕೆಮಿಸ್ಟ್ರಿಯನ್ನು ಎಂದೂ ತಪ್ಪಿಸಬೇಡಿ. ಅದು ಪಾಸಾದಂತೆ ಹಾಸ್ಟೆಲ್ ಕೋಣೆಯಲ್ಲಿರುವ ಕೆಮಿಸ್ಟ್ರಿ ಸೆಟ್ಟಿನಲ್ಲಿ ಪಟಾಕಿ, ನಾತದ ಬಾಂಬು, ತುರಿಕೆ ಪುಡಿಗಳನ್ನು ಕಾಸಿಲ್ಲದೆ ಮಾಡಿಕೊಳ್ಳಬಹುದು. ಶಾಪ್ (ಸೈಕಲ್ ರಿಪೇರಿಯ) ಕ್ಲಾಸಿನ ಒಂದೊಂದು ಲೆವೆಲ್‌ಗೂ ಹಿಂದಿನದಕ್ಕಿಂತ ಒಳ್ಳೆಯ ಸೈಕಲ್ ನಿಮ್ಮ ಗ್ಯಾರೇಜಿಗೆ ಬರುತ್ತದೆ. ಊರಿನ ಗೇಟು ತೆರೆಯುವ ಎರಡನೇ ಅಧ್ಯಾಯದಿಂದ ಸೈಕಲ್ಲೇ ನಿಮ್ಮ ಕಾಲು. ಜಿಮ್ ಕ್ಲಾಸಿನಲ್ಲಿ ಕುಸ್ತಿಯ ಪಟ್ಟುಗಳು ಸಿಗುತ್ತವೆ, ಡಾಡ್ಜ್‌ಬಾಲ್‌ನಿಂದ ಎಸೆತದ ಗುರಿ ಸುಧಾರಿಸುತ್ತದೆ. ಆರ್ಟ್ ಪಾಸಾದಷ್ಟೂ ಯಾರಿಗಾದರೂ ಮುತ್ತು ಕೊಟ್ಟಾಗ ಸಿಗುವ ಆರೋಗ್ಯ ಹೆಚ್ಚುತ್ತದೆ, ಮಾಮೂಲಿ ಮಿತಿಗಿಂತ ಮೇಲಕ್ಕೂ ಹೋಗುತ್ತದೆ. ಕಷ್ಟದ ಮಿಷನ್‌ಗೆ ಮುಂಚೆ ಇದು ದೊಡ್ಡ ಆಸರೆ. ಜಾಗ್ರಫಿಯಲ್ಲಿ ಪಾಸಾದರೆ ಹುಡುಕಬೇಕಾದ ವಸ್ತುಗಳ ಗುರುತು ಮ್ಯಾಪಿನಲ್ಲಿ ಬೀಳುತ್ತದೆ. ಬಯಾಲಜಿ, ಮ್ಯಾಥ್ಸ್, ಮ್ಯೂಸಿಕ್ ಈ ಮೂರರಿಂದ ಸಿಗುವುದು ಹೆಚ್ಚಾಗಿ ಬಟ್ಟೆಬರೆ. ಅವನ್ನು ಕೊನೆಗೆ ಇಟ್ಟುಕೊಂಡರೆ ನಷ್ಟವಿಲ್ಲ.

ಗ್ಯಾಲೊವೇ ಮೇಷ್ಟ್ರ ಇಂಗ್ಲಿಷ್ ಕ್ಲಾಸಿನಲ್ಲಿ ಎರಡನೇ ಲೆವೆಲ್ ದಾಟಲು ಆಗುತ್ತಿಲ್ಲ. ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೇ. ಬೇರೆ ದಾರಿ ಇದೆಯೇ?
*ಓದುಗ, ಸಿರಸಿ*

ಇದಕ್ಕೆ ದೊಡ್ಡ ಇಂಗ್ಲಿಷ್ ಬೇಕಿಲ್ಲ, ಕ್ರಮ ಬೇಕು. ಆರು ಅಕ್ಷರ ಕೊಡುತ್ತಾರೆ, ಅವುಗಳಿಂದ ಸಮಯದೊಳಗೆ ಸಾಧ್ಯವಾದಷ್ಟು ಪದ ಕಟ್ಟಬೇಕು. ಆಗಬಹುದಾದ ಒಟ್ಟು ಪದಗಳಲ್ಲಿ ಇಂತಿಷ್ಟು ಪಾಲು ಬಂದರೆ ಪಾಸು. ಮುಖ್ಯ ಸಂಗತಿ ಏನೆಂದರೆ ಒಂದು ಲೆವೆಲ್‌ನ ಅಕ್ಷರಗಳು ಬದಲಾಗುವುದಿಲ್ಲ. ಇಂದು ಫೇಲಾದರೆ ಮುಂದಿನ ಇಂಗ್ಲಿಷ್ ಕ್ಲಾಸಿನಲ್ಲಿ ಅದೇ ಆರು ಅಕ್ಷರ ಬರುತ್ತವೆ. ಆದ್ದರಿಂದ ಮೊದಲ ಸಲ ಕೂತಾಗ ಅಕ್ಷರಗಳನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಆಟ ನಿಲ್ಲಿಸಿ, ಡಿಕ್ಷನರಿ ಪಕ್ಕದಲ್ಲಿಟ್ಟುಕೊಂಡು ಪಟ್ಟಿ ಮಾಡಿ. ಮುಂದಿನ ಸಲ ಪಟ್ಟಿ ನೋಡಿ ಬರೆಯುವುದಷ್ಟೇ ಕೆಲಸ.

ಪಟ್ಟಿ ಮಾಡುವಾಗ ಮೂರಕ್ಷರದ ಪದಗಳಿಂದ ಶುರುಮಾಡಿ, ಆಮೇಲೆ ನಾಲ್ಕು, ಐದು. ಅಕ್ಷರಗಳಲ್ಲಿ ‘ಎಸ್’ ಇದ್ದರೆ ಪ್ರತಿ ನಾಮಪದಕ್ಕೂ ಬಹುವಚನ ಬರೆದು ನೋಡಿ. ಒಂದು ಪದ ಸಿಕ್ಕ ಕೂಡಲೇ ಅದರ ಮೊದಲ ಅಕ್ಷರ ಮಾತ್ರ ಬದಲಿಸಿ ಪ್ರಾಸದ ಪದಗಳನ್ನೆಲ್ಲ ಹಾಕಿ. ಹೊಸದು ಹೊಳೆಯದಿದ್ದಾಗ ಅಕ್ಷರಗಳನ್ನು ಕಲಸುವ ಬಟನ್ ಒತ್ತಿ, ಜಾಗ ಬದಲಾದರೆ ಕಣ್ಣಿಗೆ ಬೇರೆ ಪದ ಬೀಳುತ್ತದೆ. ಬಹಳ ಜನ ಸೋಲುವುದು ಆರಕ್ಷರದ ದೊಡ್ಡ ಪದವನ್ನೇ ಹುಡುಕುತ್ತ ಅರ್ಧ ಸಮಯ ಕಳೆಯುವುದರಿಂದ.

ಜಾಗ್ರಫಿಗೂ ಇದೇ ಉಪಾಯ. ಮ್ಯಾಪಿನ ಮೇಲೆ ಸರಿಯಾದ ಜಾಗದಲ್ಲಿ ಗುರುತು ಇಡಬೇಕು, ಗಡಿಯಾರ ಓಡುತ್ತಿರುತ್ತದೆ. ಶಾಲೆಯ ಅಟ್ಲಾಸನ್ನು ಹತ್ತು ನಿಮಿಷ ನೋಡಿಕೊಂಡು ಕೂತರೆ ಸಾಕು. ಗೊತ್ತಿರುವುದನ್ನೆಲ್ಲ ಮೊದಲು ಇಟ್ಟುಬಿಡಿ, ಉಳಿದ ಜಾಗ ಕಡಿಮೆಯಾದಷ್ಟೂ ಊಹೆ ಸುಲಭ.

ಆರ್ಟ್ ಕ್ಲಾಸಿನಲ್ಲಿ ಚಿತ್ರ ಪೂರ್ತಿಯಾಗುವ ಮೊದಲೇ ಜೀವಗಳು ಮುಗಿಯುತ್ತವೆ. ಮ್ಯೂಸಿಕ್ ಕ್ಲಾಸಿನಲ್ಲಿ ತಾಳಕ್ಕೆ ಸರಿಯಾಗಿ ಒತ್ತಿದರೂ ತಪ್ಪೆನ್ನುತ್ತದೆ.
*ಓದುಗರು, ಧಾರವಾಡ*

ಆರ್ಟ್‌ನಲ್ಲಿ ಗೆರೆ ಎಳೆದು ಜಾಗ ಸುತ್ತುವರಿದಷ್ಟೂ ಕೆಳಗಿನ ಚಿತ್ರ ತೆರೆಯುತ್ತದೆ. ನೀವು ಅಂಚಿನ ಮೇಲಿರುವಾಗ ಹೆಚ್ಚು ಅಪಾಯವಿಲ್ಲ. ಗೆರೆ ಇನ್ನೂ ಮುಗಿಯದೆ ನಡುವೆ ಇರುವಾಗ ತಿರುಗಾಡುವ ಶತ್ರು ಆ ಗೆರೆಯನ್ನು ಮುಟ್ಟಿದರೆ ಜೀವ ಹೋಗುತ್ತದೆ. ಆದ್ದರಿಂದ ಉದ್ದ ಗೆರೆಯ ಆಸೆ ಬಿಡಿ. ಅಂಚಿಗೆ ಅಂಟಿಕೊಂಡು ಸಣ್ಣ ಚೌಕಗಳನ್ನು ಕತ್ತರಿಸುತ್ತ ಒಳಗೆ ಹೋಗಿ. ಶತ್ರುಗಳು ಒಂದು ಮೂಲೆಗೆ ಸರಿದಾಗ ಮಾತ್ರ ಎದುರಿನ ಮೂಲೆಯಲ್ಲಿ ದೊಡ್ಡ ತುಂಡು ಹಾಕಿ. ಕೊನೆಯಲ್ಲಿ ಸ್ವಲ್ಪವೇ ಉಳಿದಾಗ ಅವಸರ ಬೇಡ. ಜಾಗ ಕಿರಿದಾದಷ್ಟೂ ಶತ್ರು ಬೇಗ ತಿರುಗಿ ನಿಮ್ಮ ಮೇಲೇ ಬರುತ್ತದೆ.

ಮ್ಯೂಸಿಕ್‌ನ ತೊಂದರೆ ಬಹುತೇಕ ನಿಮ್ಮ ಕೈಯದಲ್ಲ, ತಡವಾಗಿ ಬರುವ ಸದ್ದಿನದು. ಬ್ಲೂಟೂತ್ ಇಯರ್‌ಫೋನ್ ಅಥವಾ ಸ್ಪೀಕರ್ ಹಾಕಿದ್ದರೆ ತೆಗೆದು ತಂತಿಯದು ಹಾಕಿ. ಟಿವಿಗೆ ಜೋಡಿಸಿದ್ದರೆ ಟಿವಿಯ ಸೆಟ್ಟಿಂಗ್‌ನಲ್ಲಿ ಗೇಮ್ ಮೋಡ್ ಆನ್ ಮಾಡಿ. ಅದಾದ ಮೇಲೂ ತಪ್ಪಿದರೆ ಕಿವಿಯನ್ನು ನಂಬದೆ ಪರದೆಯ ಗುರುತನ್ನು ನೋಡಿ ಒತ್ತಿ. ಪಿಸಿಯಲ್ಲಿ ಕೀಬೋರ್ಡಿಗಿಂತ ಗೇಮ್‌ಪ್ಯಾಡ್ ಎಷ್ಟೋ ಪಾಲು ಮೇಲು. ಸ್ಟಿಕ್ ತಿರುಗಿಸಿ ನಟ್ಟು ಬಿಗಿಯುವ ಶಾಪ್ ಕ್ಲಾಸಿಗಂತೂ ಅದು ಇರಲೇಬೇಕು ಎನ್ನುವಷ್ಟು.

ಪ್ರಿಫೆಕ್ಟ್‌ಗಳ (ಶಿಸ್ತು ಕಾಯುವ ಹಿರಿಯ ವಿದ್ಯಾರ್ಥಿಗಳ) ಕಾಟ ತಪ್ಪಿಸುವುದು ಹೇಗೆ? ಓಡಿದರೂ ಹಿಡಿಯುತ್ತಾರೆ.
*ಎಂಜಿನಿಯರಿಂಗ್ ವಿದ್ಯಾರ್ಥಿನಿ, ಹುಬ್ಬಳ್ಳಿ*

ಮ್ಯಾಪಿನ ಪಕ್ಕದ ಮೀಟರ್ ನೋಡುವ ಅಭ್ಯಾಸ ಮಾಡಿಕೊಳ್ಳಿ. ಹಳದಿ, ಕಿತ್ತಳೆ, ಕೆಂಪು ಎಂದು ಅದು ಏರುತ್ತದೆ. ಹುಡುಗರ ನಡುವಿನ ಸಣ್ಣ ಜಗಳಕ್ಕೆ ಹಳದಿ. ಹುಡುಗಿಯರ ಮೇಲೆ, ಚಿಕ್ಕ ಮಕ್ಕಳ ಮೇಲೆ, ಮೇಷ್ಟ್ರು, ಪ್ರಿಫೆಕ್ಟ್ ಅಥವಾ ಪೊಲೀಸರ ಮೇಲೆ ಕೈ ಮಾಡಿದರೆ ನೇರ ಕೆಂಪು. ಆ ಮಟ್ಟಿಗೆ ಹೋದರೆ ಕಂಡವರೆಲ್ಲ ಬೆನ್ನು ಹತ್ತುತ್ತಾರೆ, ಕೈಗೆ ಸಿಕ್ಕರೆ ಬಿಡಿಸಿಕೊಳ್ಳುವುದು ಕಷ್ಟ. ಹಳದಿಯಲ್ಲಿ ಹಿಡಿದಾಗ ಬಟನ್ ಪಟಪಟನೆ ಒತ್ತಿ ಕೈ ಕೊಡವಿಕೊಳ್ಳಬಹುದು.

ಬರೀ ಓಟದಿಂದ ಮೀಟರ್ ಇಳಿಯುವುದಿಲ್ಲ. ಕಣ್ಣಿಗೆ ಮರೆಯಾದರೆ ಮಾತ್ರ ಇಳಿಯುತ್ತದೆ. ಒಂದು ತಿರುವು ಪಡೆದು ಅವರ ನೋಟ ತಪ್ಪಿದ ಕೂಡಲೇ ಲಾಕರಿನೊಳಗೋ ಕಸದ ಡಬ್ಬಿಯೊಳಗೋ ಹೊಕ್ಕು ಮೀಟರ್ ಖಾಲಿಯಾಗುವ ತನಕ ಕಾಯಿರಿ. ಅವರು ನೋಡುತ್ತಿರುವಾಗಲೇ ಹೊಕ್ಕರೆ ಬಾಗಿಲು ತೆಗೆದು ಎಳೆದು ಹಾಕುತ್ತಾರೆ. ಬೆನ್ನಿಗೇ ಇದ್ದರೆ ಓಡುತ್ತ ಗೋಲಿ ಚೆಲ್ಲಿ, ಹಿಂದೆ ಬರುವವರು ಜಾರಿ ಬೀಳುತ್ತಾರೆ. ಇಂಗ್ಲಿಷ್ ಕ್ಲಾಸು ಪಾಸಾದಂತೆ ಜಿಮ್ಮಿಯ ಕ್ಷಮೆಯಾಚನೆಗೆ ಬೆಲೆ ಬರುತ್ತದೆ, ಸಣ್ಣ ತಪ್ಪಾದರೆ ಮಾತಿನಲ್ಲೇ ಬಿಟ್ಟುಕಳಿಸುತ್ತಾರೆ. ಮೇಲಿನ ಉತ್ತರದಲ್ಲಿ ಇಂಗ್ಲಿಷ್‌ಗೆ ಅಷ್ಟು ಜಾಗ ಕೊಟ್ಟದ್ದಕ್ಕೆ ಇದೂ ಕಾರಣ.

ಸಿಕ್ಕಿಬಿದ್ದರೆ ಜೇಬಿನಲ್ಲಿರುವ ಸಾಮಾನು ಹೋಗುತ್ತದೆ. ಪದೇಪದೇ ಸಿಕ್ಕಿಬಿದ್ದವರಿಗೆ ಶಿಕ್ಷೆಯ ಕೆಲಸ: ಹುಲ್ಲು ಕತ್ತರಿಸುವುದು, ಚಳಿಗಾಲವಾದರೆ ಹಿಮ ತೆಗೆಯುವುದು. ಹುಲ್ಲು ಕತ್ತರಿಸುವಾಗ ಹೊರಗಿನ ಅಂಚಿನಿಂದ ಸುತ್ತು ಹಾಕುತ್ತ ಒಳಗೆ ಬಂದರೆ ಬೇಗ ಮುಗಿಯುತ್ತದೆ. ಅಡ್ಡಾದಿಡ್ಡಿ ಓಡಿಸಿದರೆ ಅಲ್ಲಲ್ಲಿ ಉಳಿದ ತುಣುಕುಗಳಿಗೆ ಮತ್ತೆ ತಿರುಗಬೇಕಾಗುತ್ತದೆ.

ಹ್ಯಾಲೋವೀನ್ ರಾತ್ರಿ ಕುಂಬಳಕಾಯಿ ಒಡೆಯುವುದು ಉಳಿದುಹೋಯಿತು. ಆಟ ಮೊದಲಿಂದ ಶುರುಮಾಡಬೇಕೇ? ಸಂಗ್ರಹದ ವಸ್ತುಗಳು ಒಟ್ಟು ಎಷ್ಟು?
*ಓದುಗ, ಮಂಗಳೂರು*

ಮೊದಲಿಂದ ಬೇಡ. ಒಡೆಯದೆ ಉಳಿದ ಕುಂಬಳಕಾಯಿ ಮತ್ತು ಗೋರಿಕಲ್ಲುಗಳು ಆಮೇಲೆ ಶಾಲೆಯ ಮುಖ್ಯ ಕಟ್ಟಡದ ನೆಲಮಾಳಿಗೆಯಲ್ಲಿ ಸಿಗುತ್ತವೆ. ಇನ್ನೂ ಒಂದನೇ ಅಧ್ಯಾಯದಲ್ಲಿರುವವರಿಗೆ ಒಂದು ಮಾತು: ಹ್ಯಾಲೋವೀನ್ ಮಿಷನ್ ಶುರುವಾದ ಮೇಲೆ ಸಹಪಾಠಿ ಗ್ಯಾರಿಯ ದೊಡ್ಡ ಕೀಟಲೆಗೆ ಹೋಗುವ ತನಕ ಆ ರಾತ್ರಿ ಮುಗಿಯುವುದಿಲ್ಲ. ಅದಕ್ಕೆ ಮುಂಚೆ ಆವರಣವನ್ನೆಲ್ಲ ಸುತ್ತಿ 27 ಕುಂಬಳಕಾಯಿ, 19 ಗೋರಿಕಲ್ಲು ಒಡೆದುಬಿಡಿ. ಎಲ್ಲ ಮಕ್ಕಳೂ ವೇಷ ಹಾಕಿ ತಿರುಗುವ ಆ ರಾತ್ರಿ ಈ ಆಟದ ಅತ್ಯಂತ ಚೆಂದದ ಹೊತ್ತು, ಅವಸರದಲ್ಲಿ ಕಳೆದುಕೊಳ್ಳಬಾರದು.

ಉಳಿದವು: ರಬ್ಬರ್ ಬ್ಯಾಂಡ್ 75, ಆಟದೊಳಗಿನ ‘ಗ್ರಾಟೋಸ್ ಅಂಡ್ ಗ್ರೆಮ್ಲಿನ್ಸ್’ ಇಸ್ಪೀಟಿನಂಥ ಕಾರ್ಡು 40, ತೋಟದ ಕುಳ್ಳರ ಬೊಂಬೆ 25, ಟ್ರಾನ್ಸಿಸ್ಟರ್ 6. ರಬ್ಬರ್ ಬ್ಯಾಂಡ್ ಎಲ್ಲ ಕೂಡಿದರೆ ದೊಡ್ಡ ಚೆಂಡಾಗುತ್ತದೆ, ಎಸೆದರೆ ಪುಟಿದು ಪುಟಿದು ಹಲವರಿಗೆ ಬಡಿಯುತ್ತದೆ. ಕುಳ್ಳರ ಬೊಂಬೆಗಳನ್ನು ಎತ್ತಿಕೊಳ್ಳುವುದಲ್ಲ, ಒಡೆಯಬೇಕು. ಬೇಲಿಯಾಚೆ ಇರುವವನ್ನು ಕ್ಯಾಟರ್‌ಬಿಲ್ಲಿನಿಂದ ಹೊಡೆಯಿರಿ. ಇಪ್ಪತ್ತೈದೂ ಆದರೆ ಅದೇ ಕುಳ್ಳನ ವೇಷ ನಿಮಗೆ.

ಇವುಗಳಲ್ಲಿ ಮೊದಲು ಬೆನ್ನುಹತ್ತಬೇಕಾದದ್ದು ಟ್ರಾನ್ಸಿಸ್ಟರ್. ಶಾಲೆಯ ಹಿಂಭಾಗದಲ್ಲಿ ಪಾಳುಬಿದ್ದ ಬಸ್ಸಿನ ಹತ್ತಿರ ಇರುವ ನಿರ್ಗತಿಕನಿಗೆ ಒಂದೊಂದು ಟ್ರಾನ್ಸಿಸ್ಟರ್ ತಂದುಕೊಟ್ಟಾಗಲೂ ಅವನು ಹೊಸ ಹೊಡೆತ ಕಲಿಸುತ್ತಾನೆ. ಮಿಕ್ಕ ಸಂಗ್ರಹ ಶೋಕಿಗೆ. ಇದು ಮಾತ್ರ ಇಡೀ ಆಟದ ಹೊಡೆದಾಟ ಬದಲಿಸುತ್ತದೆ. ರಬ್ಬರ್ ಬ್ಯಾಂಡ್ ಹುಡುಕಾಟವನ್ನು ಜಾಗ್ರಫಿ ಮುಗಿಯುವ ತನಕ ಮುಂದೂಡಿ, ಸುಮ್ಮನೆ ಅಲೆದಾಟ ತಪ್ಪುತ್ತದೆ. ಬ್ಲೂ ಸ್ಕೈಸ್ ಕೈಗಾರಿಕಾ ಪ್ರದೇಶ ಕಥೆಯ ಕೊನೆಯ ಭಾಗದಲ್ಲಷ್ಟೇ ತೆರೆಯುವುದರಿಂದ ಅಲ್ಲಿರುವವನ್ನು ಮೊದಲೇ ಮುಗಿಸುವ ಮಾತಿಲ್ಲ.

ರಸೆಲ್ ಜೊತೆಗಿನ ಕಾಳಗದಲ್ಲಿ ಸೋಲುತ್ತಲೇ ಇದ್ದೇನೆ. ಒಂದೇಟಿಗೆ ಅರ್ಧ ಆರೋಗ್ಯ ಹೋಗುತ್ತದೆ.
*ಹೈಸ್ಕೂಲ್ ವಿದ್ಯಾರ್ಥಿ, ಹಾಸನ*

ಪುಂಡರ ಗುಂಪಿನ ಮುಖಂಡ ರಸೆಲ್‌ನನ್ನು ಎದುರು ನಿಂತು ಹೊಡೆಯಬೇಡಿ. ಅವನು ತಲೆ ತಗ್ಗಿಸಿ ಗೂಳಿಯಂತೆ ನುಗ್ಗುತ್ತಾನೆ. ಗೋಡೆಗೆ ಬೆನ್ನು ಹಾಕಿ ನಿಂತು, ಅವನು ಓಟ ಶುರುಮಾಡಿದ ಮೇಲೆ ಪಕ್ಕಕ್ಕೆ ಸರಿಯಿರಿ. ಗೋಡೆಗೆ ಗುದ್ದಿಕೊಂಡು ತಲೆ ತಿರುಗಿ ನಿಂತಾಗ ಮೂರು ನಾಲ್ಕು ಏಟು ಕೊಟ್ಟು ಹಿಂದೆ ಸರಿಯಿರಿ. ಐದನೇ ಏಟಿನ ಆಸೆಗೆ ನಿಂತವರನ್ನೇ ಅವನು ಹಿಡಿಯುವುದು. ಬೇಗ ಸರಿದರೆ ಅವನೂ ದಿಕ್ಕು ಬದಲಿಸುತ್ತಾನೆ, ಆದ್ದರಿಂದ ಹತ್ತಿರ ಬರುವ ತನಕ ಕಾಯಬೇಕು.

ಈ ಒಂದನೇ ಅಧ್ಯಾಯದ ಕಾಳಗಕ್ಕೆ ಹೋಗುವ ಮುಂಚೆ ಎರಡು ಕೆಲಸ ಮಾಡಿಕೊಳ್ಳಿ: ಸಿಕ್ಕಷ್ಟು ಟ್ರಾನ್ಸಿಸ್ಟರ್ ಕೊಟ್ಟು ಹೊಡೆತ ಕಲಿಯುವುದು, ಆರೋಗ್ಯ ತುಂಬಿಸಿಕೊಳ್ಳುವುದು. ಮೆಷಿನ್‌ನ ‘ಬೀಮ್ ಕೋಲಾ’ ಕುಡಿದರೆ ಸ್ವಲ್ಪ ಏರುತ್ತದೆ. ಹೂವೋ ಚಾಕೊಲೇಟೋ ಕೊಟ್ಟು ಪಡೆದ ಮುತ್ತು ಅದಕ್ಕಿಂತ ಹೆಚ್ಚು. ಎರಡನೇ ಅಧ್ಯಾಯದ ಕೊನೆಯಲ್ಲಿ ಗ್ಲಾಸ್ ಜಾ ಬಾಕ್ಸಿಂಗ್ ಜಿಮ್‌ನಲ್ಲಿ ‘ಪ್ರೆಪ್ಪಿ’ಗಳೆಂಬ ಶ್ರೀಮಂತ ಹುಡುಗರ ನಾಯಕ ಡರ್ಬಿಯ ಗುಂಪಿನೆದುರು ನಿಲ್ಲುವಾಗಲೂ ಇದೇ ತಯಾರಿ ಇರಲಿ. ಪ್ರೆಪ್ಪಿಗಳು ಬಾಕ್ಸಿಂಗ್ ಬಲ್ಲವರು. ಅಲ್ಲಿ ಮೊದಲು ಹೊಡೆಯುವುದಕ್ಕಿಂತ ತಡೆದು, ಅವರ ಏಟು ಮುಗಿದ ಗಳಿಗೆಯಲ್ಲಿ ಹೊಡೆಯುವುದು ಫಲ ಕೊಡುತ್ತದೆ.

ಗುಂಪು ಸುತ್ತುವರಿದಾಗ ಕಲಿಯಬೇಕಾದ ಪಾಠ ಒಂದೇ: ನಡುವೆ ನಿಲ್ಲಬೇಡಿ. ತುರಿಕೆ ಪುಡಿಯನ್ನು ಗುಂಪಿನ ಮಧ್ಯಕ್ಕೆ ಎಸೆದರೆ ಹಲವರು ಕೆರೆದುಕೊಳ್ಳುತ್ತ ನಿಲ್ಲುತ್ತಾರೆ. ಅಷ್ಟರಲ್ಲಿ ಅಂಚಿನಲ್ಲಿರುವ ಒಬ್ಬನನ್ನು ಹಿಡಿದು ಕೆಡವಿ. ನಾತದ ಬಾಂಬು ಹಾಕಿ ಆ ಹೊಗೆಗೆ ನೀವೇ ಹೋಗಬೇಡಿ, ಜಿಮ್ಮಿಗೂ ವಾಂತಿ ಬರುತ್ತದೆ.

ಕ್ರಿಸ್ಮಸ್ ಮಿಷನ್‌ಗಳು ಯಾವಾಗ ಬರುತ್ತವೆ? ಐದನೇ ಅಧ್ಯಾಯದಲ್ಲಿ ಕ್ಲಾಸುಗಳೇ ಕಾಣುತ್ತಿಲ್ಲವಲ್ಲ?
*ಓದುಗ, ಪುಣೆ*

ಹಿಮ ಬೀಳುವುದು ಮೂರನೇ ಅಧ್ಯಾಯದಲ್ಲಿ. ಹಬ್ಬದ ಮಿಷನ್‌ಗಳು, ಕುಡುಕ ಸಾಂತಾ ರೂಡಿಯ ಕೆಲಸಗಳು ಸೇರಿ, ಆಗಲೇ ಬರುತ್ತವೆ. ಹಿಮ ಇರುವಾಗಲೇ ಮುಗಿಸಿಬಿಡಿ. ಗ್ರೀಸರ್‌ಗಳೆಂಬ ಇನ್ನೊಂದು ಗುಂಪಿನ ನಾಯಕ ಜಾನಿ ವಿನ್ಸೆಂಟ್ ವಿರುದ್ಧದ ಕೊನೆಯ ಕಾಳಗಕ್ಕೆ ಹೋಗುವ ಮುಂಚೆ ಮ್ಯಾಪಿನಲ್ಲಿ ಹಬ್ಬದ ಗುರುತು ಉಳಿದಿದೆಯೇ ನೋಡಿಕೊಳ್ಳಿ.

ಐದನೇ ಅಧ್ಯಾಯದಲ್ಲಿ ನಿಮ್ಮ ಆಟ ಕೆಟ್ಟಿಲ್ಲ. ಹೆಡ್‌ಮಾಸ್ಟರ್ ಡಾಕ್ಟರ್ ಕ್ರಾಬಲ್‌ಸ್ನಿಚ್ ಜಿಮ್ಮಿಯನ್ನು ಶಾಲೆಯಿಂದ ಹೊರಹಾಕುವುದು ಕಥೆಯ ಭಾಗ, ಆ ಅವಧಿಯಲ್ಲಿ ಕ್ಲಾಸು ಇರುವುದಿಲ್ಲ. ಉಳಿದ ಲೆವೆಲ್‌ಗಳನ್ನು ಕಥೆ ಮುಗಿದ ಮೇಲೆ ಬರುವ ‘ಎಂಡ್‌ಲೆಸ್ ಸಮ್ಮರ್’ ಎಂಬ ಆರನೇ ಅಧ್ಯಾಯದಲ್ಲಿ ಮುಗಿಸಬಹುದು. ಆದರೆ ಕುಸ್ತಿಯ ಪಟ್ಟು, ಒಳ್ಳೆಯ ಸೈಕಲ್ ಎಲ್ಲ ಕಾಳಗ ಮುಗಿದ ಮೇಲೆ ಸಿಕ್ಕಿ ಏನು ಪ್ರಯೋಜನ? ನಾಲ್ಕನೇ ಅಧ್ಯಾಯ ಮುಗಿಯುವುದರೊಳಗೆ ಮೇಲೆ ಹೇಳಿದ ಮುಖ್ಯ ವಿಷಯಗಳನ್ನಾದರೂ ಮುಗಿಸಿ.

ವಿಂಡೋಸ್ 10 ಇರುವ ಲ್ಯಾಪ್‌ಟಾಪಿನಲ್ಲಿ ಆಟ ನಡುನಡುವೆ ಮುಚ್ಚಿಕೊಳ್ಳುತ್ತದೆ. ಗ್ರಾಫಿಕ್ಸ್ ಕಡಿಮೆ ಮಾಡಿದರೂ ಅಷ್ಟೇ.
*ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು*

ನಿಮ್ಮ ಲ್ಯಾಪ್‌ಟಾಪ್ ಶಕ್ತಿ ಕಡಿಮೆಯಾಗಿ ಹೀಗಾಗುತ್ತಿಲ್ಲ. ಇದು 2008ರ ವಿಂಡೋಸ್‌ಗೆಂದು ಬಂದ 32 ಬಿಟ್ ಪ್ರೋಗ್ರಾಂ, ಎಕ್ಸ್‌ಬಾಕ್ಸ್ ಆವೃತ್ತಿಯಿಂದ ಪಿಸಿಗೆ ತಂದದ್ದು. ಹೊಸ ವಿಂಡೋಸ್ ಜೊತೆ ಅದಕ್ಕೆ ಹೊಂದಾಣಿಕೆ ಸಾಲದು. ಗ್ರಾಫಿಕ್ಸ್ ಇಳಿಸಿದರೂ ಸರಿಹೋಗದಿರುವುದು ಅದಕ್ಕೇ.

ಮದ್ದು ಇದೆ: ‘ಸೈಲೆಂಟ್‌ಪ್ಯಾಚ್’ ಎಂಬ ಉಚಿತ ತಿದ್ದುಪಡಿ. ಬೇರೆ ಆಟಗಳಿಗೂ ಆ ಹೆಸರಿನದು ಇರುವುದರಿಂದ ಬುಲ್ಲಿಗೆ ಮಾಡಿದ್ದನ್ನೇ, ಅದರ ಕರ್ತೃವಿನ ಪುಟದಿಂದಲೇ ಇಳಿಸಿಕೊಳ್ಳಿ. ಆಟ ಪೂರ್ತಿ ಮುಚ್ಚಿ. ಜಿಪ್ ಬಿಚ್ಚಿ ಒಳಗಿನ ಎಲ್ಲ ಫೈಲುಗಳನ್ನು ಆಟದ ಇಎಕ್ಸ್‌ಇ ಫೈಲ್ ಇರುವ ಫೋಲ್ಡರಿಗೇ ಹಾಕಿ, ಅದರೊಳಗೆ ಇನ್ನೊಂದು ಫೋಲ್ಡರ್ ಮಾಡಿ ಹಾಕಬೇಡಿ. ಹಾಕಿದ್ದು ಕೆಲಸ ಮಾಡದವರಲ್ಲಿ ಹೆಚ್ಚಿನವರು ಎಡವುವುದು ಇಲ್ಲೇ. ಸ್ಟೀಮ್‌ನಲ್ಲಿ ಆಟದ ಹೆಸರಿನ ಮೇಲೆ ಬಲ ಕ್ಲಿಕ್ ಮಾಡಿ ಲೋಕಲ್ ಫೈಲ್ಸ್ ತೆರೆದರೆ ಸರಿಯಾದ ಫೋಲ್ಡರ್ ಸಿಗುತ್ತದೆ.

ಫ್ರೇಮ್ ರೇಟನ್ನು 30ರಲ್ಲೇ ಬಿಡಿ. ಆಟವನ್ನು ಕಟ್ಟಿರುವುದೇ 30ಕ್ಕೆ. ಒತ್ತಾಯದಿಂದ 60 ಮಾಡಿದರೆ ಚಲನೆ, ಸಮಯ ಹೊಂದದೆ ಕೆಲವು ಕಡೆ ತೊಂದರೆ ಕಾಣುತ್ತದೆ, ಆಮೇಲೆ ತಪ್ಪು ಎಲ್ಲಿದೆ ಎಂದು ಹುಡುಕುವುದೇ ಕೆಲಸವಾಗುತ್ತದೆ. ಏನಾದರೂ ಬದಲಿಸುವ ಮೊದಲು ಡಾಕ್ಯುಮೆಂಟ್ಸ್ ಒಳಗಿನ ‘ಬುಲ್ಲಿ ಸ್ಕಾಲರ್‌ಶಿಪ್ ಎಡಿಷನ್’ ಫೋಲ್ಡರನ್ನು ಪೆನ್‌ಡ್ರೈವ್‌ಗೆ ನಕಲು ಮಾಡಿ, ನಿಮ್ಮ ಸೇವ್‌ಗಳು ಅಲ್ಲಿವೆ. ಒಂದೇ ಸ್ಲಾಟಿನ ಮೇಲೆ ಬರೆಯುತ್ತ ಹೋಗದೆ ಎರಡು ಸ್ಲಾಟುಗಳಲ್ಲಿ ಸರದಿಯಂತೆ ಸೇವ್ ಮಾಡಿ.

ಮೊಬೈಲಿಗೆ ‘ಬುಲ್ಲಿ ಲೈಟ್’ ಎಂಬ 200 ಎಂಬಿ ಎಪಿಕೆ (ಆ್ಯಪ್ ಹಾಕುವ ಫೈಲ್) ಪುಕ್ಕಟೆ ಸಿಗುತ್ತದೆ. ಹಾಕಬಹುದೇ?
*ಓದುಗ, ಕಲಬುರಗಿ*

ಬೇಡ. ಅಧಿಕೃತ ಆವೃತ್ತಿ ಗೂಗಲ್ ಪ್ಲೇ ಮತ್ತು ಆ್ಯಪ್ ಸ್ಟೋರ್‌ನಲ್ಲಿರುವ ಆನಿವರ್ಸರಿ ಎಡಿಷನ್ ಒಂದೇ. ಇಡೀ ಊರು, ಮಾತು, ಸಂಗೀತ ಎಲ್ಲ ಇರುವ ಆಟ 200 ಎಂಬಿಯಲ್ಲಿ ಹಿಡಿಯುವುದಿಲ್ಲ. ಒಂದೋ ಅರ್ಧಂಬರ್ಧ ಕತ್ತರಿಸಿದ್ದು, ಇಲ್ಲವೇ ಆಟವೇ ಅಲ್ಲ. ಒಂದು ಆಟಕ್ಕೆ ನಿಮ್ಮ ಎಸ್‌ಎಂಎಸ್ ಓದುವ, ಕಾಂಟ್ಯಾಕ್ಟ್ ನೋಡುವ ಅನುಮತಿ ಬೇಕೇ ಇಲ್ಲ. ಅದೇ ಫೋನಿನಲ್ಲಿ ಯುಪಿಐ ಇದ್ದರೆ ಇಂಥ ಎಪಿಕೆ ಹತ್ತಿರವೂ ಸುಳಿಯಬೇಡಿ.

ಅಧಿಕೃತ ಆಟ ಹಾಕುವಾಗ ಫೋನಿನಲ್ಲಿ ನಾಲ್ಕು ಜಿಬಿಯಾದರೂ ಖಾಲಿ ಇಡಿ. ಸೇವ್‌ಗಳನ್ನು ರಾಕ್‌ಸ್ಟಾರ್ ಖಾತೆಗೆ ಜೋಡಿಸಿದರೆ ಫೋನ್ ಬದಲಾದರೂ ಉಳಿಯುತ್ತವೆ. ಕ್ಲಾಸುಗಳ ಆಟವನ್ನು ಗೆಳೆಯರ ಜೊತೆ ಪೈಪೋಟಿಗೆ ಆಡುವ ಸೌಲಭ್ಯ ಈ ಆವೃತ್ತಿಯಲ್ಲಿದೆ.

ಇಲ್ಲಿನ ಸೆಕೆಂಡ್‌ಹ್ಯಾಂಡ್ ಅಂಗಡಿಯಲ್ಲಿ ‘ಕೇನಿಸ್ ಕೇನಮ್ ಎಡಿಟ್’ ಎಂಬ ಪಿಎಸ್2 ಡಿಸ್ಕ್ ಸಿಕ್ಕಿತು. ಇದೇ ಆಟವೇ?
*ಕನ್ನಡಿಗ ಓದುಗರು, ಲೀಡ್ಸ್, ಇಂಗ್ಲೆಂಡ್*

ಇದೇ. 2006ರಲ್ಲಿ ಯುರೋಪಿನಲ್ಲಿ ಶಾಲೆಯ ಧ್ಯೇಯವಾಕ್ಯವನ್ನೇ ಹೆಸರಾಗಿಟ್ಟು ಮಾರಿದ್ದರು. ಬಯಾಲಜಿ, ಮ್ಯೂಸಿಕ್, ಮ್ಯಾಥ್ಸ್, ಜಾಗ್ರಫಿ ಮತ್ತು ನಂತರ ಸೇರಿಸಿದ ಎಂಟು ಮಿಷನ್‌ಗಳು ಇದರಲ್ಲಿರುವುದಿಲ್ಲ. ಆರು ವಿಷಯ, 30 ಕ್ಲಾಸು ಅಷ್ಟೇ. ಜಾಗ್ರಫಿ ಇಲ್ಲದ್ದರಿಂದ ಸಂಗ್ರಹದ ವಸ್ತುಗಳನ್ನು ನೀವೇ ಹುಡುಕಬೇಕು. 2016ರಲ್ಲಿ ಪಿಎಸ್4ಕ್ಕೆ ಬಂದದ್ದೂ ಈ ಪಿಎಸ್2 ಆವೃತ್ತಿಯೇ.

ಹನ್ನೆರಡು ವರ್ಷದ ಮಗ ಈ ಆಟ ಬೇಕೆಂದು ಹಟ ಹಿಡಿದಿದ್ದಾನೆ. ಹೆಸರೇ ಹೀಗಿದೆ. ಕೊಡಿಸಬಹುದೇ?
*ತಾಯಿಯೊಬ್ಬರು, ಮೈಸೂರು*

ಹನ್ನೆರಡಕ್ಕೆ ಬೇಡ ಅಮ್ಮ, ಇನ್ನೊಂದೆರಡು ಮೂರು ವರ್ಷ ಕಾಯಲಿ. ಅಮೆರಿಕದಲ್ಲಿ ಇದಕ್ಕೆ ‘ಟೀನ್’ ಗುರುತು, ಅಂದರೆ 13 ದಾಟಿದವರಿಗೆ. ಬ್ರಿಟನ್ನಿನಲ್ಲಿ 15 ಎಂದು ನಿಗದಿ ಮಾಡಿದ್ದರು. ನಮಗೆ ಬ್ರಿಟನ್ನಿನ ಲೆಕ್ಕವೇ ಸರಿ ಎನ್ನಿಸುತ್ತದೆ.

ಹೆಸರಿನಿಂದ ಹುಟ್ಟಿದ ಭಯ ನಿಮಗೊಬ್ಬರಿಗೇ ಅಲ್ಲ. 2006ರಲ್ಲಿ ಆಟ ಬಿಡುಗಡೆಯಾಗುವ ಮೊದಲೇ ಅಮೆರಿಕದ ಫ್ಲೋರಿಡಾದಲ್ಲಿ ತಡೆ ಕೋರಿ ವಕೀಲರೊಬ್ಬರು ಕೋರ್ಟಿಗೆ ಹೋದರು. ನ್ಯಾಯಾಧೀಶರು ಆಟವನ್ನು ತರಿಸಿ ನೋಡಿ, ತಡೆ ಕೊಡಲಿಲ್ಲ. 2008ರಲ್ಲಿ ಬ್ರೆಜಿಲ್‌ನ ನ್ಯಾಯಾಲಯ ಮಾರಾಟ ನಿಷೇಧಿಸಿತು. ಆಡಿ ನೋಡಿದರೆ ಕಥೆಯ ದಿಕ್ಕು ಬೇರೆ: ಚಿಕ್ಕವರನ್ನು ಕಾಡುವ ಗುಂಪುಗಳನ್ನು ಒಂದೊಂದಾಗಿ ಬಗ್ಗಿಸಿ, ಒಬ್ಬರ ತಂಟೆಗೆ ಒಬ್ಬರು ಹೋಗದೆ ಬಾಳುವಂತೆ ಮಾಡುವುದು ಜಿಮ್ಮಿಯ ಕೆಲಸ. ಹುಡುಗಿಯರನ್ನೋ ಚಿಕ್ಕವರನ್ನೋ ಹೊಡೆದರೆ ಆಟ ಕೂಡಲೇ ಶಿಕ್ಷಿಸುತ್ತದೆ. ಬಂದೂಕಿಲ್ಲ, ರಕ್ತವಿಲ್ಲ, ಯಾರೂ ಸಾಯುವುದಿಲ್ಲ.

ಆದರೂ ಮುಷ್ಟಿಯ ಹೊಡೆದಾಟ ಉದ್ದಕ್ಕೂ ಇದೆ. ಒರಟು ಬೈಗುಳವಿದೆ. ಹುಡುಗಿಯರಿಗೂ ಕೆಲವು ಹುಡುಗರಿಗೂ ಜಿಮ್ಮಿ ಮುತ್ತು ಕೊಡಬಹುದು. ಇಂಗ್ಲಿಷ್ ಮೇಷ್ಟ್ರು ಕುಡಿತದ ಚಟದವರು. ಪಿಟಿ ಮೇಷ್ಟ್ರು ಬರ್ಟನ್ ಹುಡುಗಿಯರ ಹಾಸ್ಟೆಲಿನಿಂದ ಒಳಉಡುಪು ಕದ್ದು ತರಲು ಜಿಮ್ಮಿಗೆ ಹೇಳುವ ಒಂದು ಮಿಷನ್ ಇದೆ. ಝೋಯಿ ಎಂಬ ಹುಡುಗಿ ಅದೇ ಮೇಷ್ಟ್ರ ನಡತೆಯ ಬಗ್ಗೆ ದೂರು ಕೊಟ್ಟು ಶಾಲೆ ಕಳೆದುಕೊಂಡವಳು. ಕೊನೆಯಲ್ಲಿ ಬರ್ಟನ್‌ಗೆ ಕೆಲಸ ಹೋಗುತ್ತದೆ, ಅವಳು ಶಾಲೆಗೆ ಮರಳುತ್ತಾಳೆ. ಹದಿನೈದರ ಹುಡುಗನಿಗೆ ಇದು ತಪ್ಪೆಂದು ಅರ್ಥವಾಗುತ್ತದೆ, ಹನ್ನೆರಡರವನು ತಮಾಷೆ ಎಂದುಕೊಳ್ಳುವ ಸಂಭವ ಹೆಚ್ಚು. ಕೊಡಿಸುವ ದಿನ ಬಂದಾಗ ಆಟ ಹಾಲ್‌ನ ಟಿವಿಯಲ್ಲಿರಲಿ. ಶಾಲೆಯಲ್ಲಿ ಅವನನ್ನೇ ಯಾರಾದರೂ ಕಾಡುತ್ತಿದ್ದಾರೆಯೇ, ಅದಕ್ಕೇ ಈ ಆಟದ ಮೇಲೆ ಮನಸ್ಸಾಗಿದೆಯೇ ಎಂದು ಒಮ್ಮೆ ಮೆಲ್ಲಗೆ ಕೇಳಿ ನೋಡಿ.

ದುಡ್ಡು ಸಾಲುತ್ತಿಲ್ಲ. ಬೇಗ ಸಂಪಾದಿಸುವ ದಾರಿ?
*ಓದುಗ, ಶಿವಮೊಗ್ಗ*

ಎರಡನೇ ಅಧ್ಯಾಯದಿಂದ ಪೇಪರ್ ಹಾಕುವ ಕೆಲಸ ಸಿಗುತ್ತದೆ, ಹುಲ್ಲು ಕತ್ತರಿಸುವುದು, ಸೈಕಲ್ ರೇಸ್ ಕೂಡ ಇವೆ. ಪೇಪರ್ ಹಾಕುವಾಗ ಮನೆಯೆದುರು ಸೈಕಲ್ ನಿಲ್ಲಿಸಬೇಡಿ. ಬಾಗಿಲು ಪಕ್ಕಕ್ಕೆ ಬರುವ ಸ್ವಲ್ಪ ಮೊದಲೇ ಎಸೆಯಿರಿ, ಸಮಯ ಉಳಿಯುತ್ತದೆ. ಜಾತ್ರೆಯ ಮೈದಾನದಲ್ಲಿ ಟಿಕೆಟ್ ಕೂಡಿಸಿದರೆ ಸ್ಕೂಟರ್ ಸಿಗುತ್ತದೆ. ಕೆಮಿಸ್ಟ್ರಿ ಸೆಟ್ಟಿರುವಾಗ ಪಟಾಕಿ ಕೊಳ್ಳುವುದನ್ನೂ, ವಾರಕ್ಕೊಂದು ಹೇರ್‌ಕಟ್ಟನ್ನೂ ನಿಲ್ಲಿಸಿದರೆ ಉಳಿದ ಖರ್ಚಿಗೆ ಇಷ್ಟು ಸಾಕು.